ಕರ್ನಲ್ ಪಟ್ಟಿ ಸವರುವ ಕೆಲಸ: ಮೂರನೆಯ ವಾರ

ಪಟ್ಟಿಯಿಂದ ತೆಗೆಯಲೆಂದು ಆರು ನಮೂದುಗಳಿಗೆ ಗುರುತು ಹಾಕಿಕೊಂಡಿದ್ದೆ, ಅಳಿಸಿದ್ದು ನಾಲ್ಕು. ಉಳಿದ ಎರಡೇ ವಾರವನ್ನೆಲ್ಲ ತಿಂದವು.

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, ಯಂತ್ರಾಂಶದ ವಿವರ ಓದುವ ಎಸಿಪಿಐ ಭಾಗದಲ್ಲಿ, ಕೀಲಿಮಣೆ ಮುಷ್ಕರ ಹೂಡುವ ಲ್ಯಾಪ್‌ಟಾಪ್‌ಗಳ ಪಟ್ಟಿಯೊಂದಿದೆ. ಇವುಗಳ ಫರ್ಮ್‌ವೇರ್ (ಯಂತ್ರದೊಳಗೇ ಕೂತ ಮೂಲ ತಂತ್ರಾಂಶ) ಐಆರ್‌ಕ್ಯೂ 1, ಅಂದರೆ ಕೀಲಿಮಣೆ ಪ್ರೊಸೆಸರ್ ಅನ್ನು ಕರೆಯುವ ಸಂಕೇತದ ಬಗ್ಗೆ ಹೇಳುವುದೊಂದು. ಕರ್ನಲ್ ಹಳೆಯ ರೂಢಿಯಂತೆ ಅದನ್ನು ತಿದ್ದಿಕೊಳ್ಳುವುದು ಇನ್ನೊಂದು. ಕೀಲಿ ಒತ್ತಿದರೆ ಅಕ್ಷರ ಮೂಡುವುದಿಲ್ಲ. ‘ಇದನ್ನು ತಿದ್ದಬೇಡ’ ಎನ್ನಲು ಆ ಮಾದರಿಯ ಹೆಸರನ್ನು ಕೋಷ್ಟಕಕ್ಕೆ ಸೇರಿಸುತ್ತಾರೆ.

ಗಂಗಾವತಿಯಲ್ಲಿ ತಂಗಿಯ ಲಗ್ನಪತ್ರಿಕೆ ಹಂಚುವಾಗ ಒಂದು ಮನೆಗೆ ‘ಮನೆಮಂದಿಗೆಲ್ಲ’ ಎಂದು ಬರೆದ ಮೇಲೂ ಅದೇ ಮನೆಯ ಮಗನಿಗೆ ಬೇರೆ ಪತ್ರಿಕೆ ಹೋಗಿತ್ತು. ಇಲ್ಲಿಯೂ ಅದೇ ಕಥೆ. ಯಂತ್ರದ ಹೆಸರನ್ನು ಕೋಷ್ಟಕದ ಸಾಲಿನೊಂದಿಗೆ ಹೋಲಿಸುವ ಡಿಎಂಐ_ಮ್ಯಾಚ್ ಪೂರ್ತಿ ಹೆಸರನ್ನು ಕೇಳುವುದಿಲ್ಲ, ಹೆಸರಿನೊಳಗೆ ತುಣುಕು ಸಿಕ್ಕರೆ ಸಾಕು. ‘ಇ1404ಜಿಎ’ ಎಂಬ ಸಾಲಿದ್ದರೆ ‘ಇ1404ಜಿಎಬಿ’ ತಾನಾಗಿಯೇ ಅದರಡಿ ಬಂದುಬಿಡುತ್ತದೆ, ಅದಕ್ಕೆ ಬೇರೆ ಸಾಲು ಬೇಡ. 64 ಬಿಟ್ ಯಂತ್ರದಲ್ಲಿ ಒಂದು ನಮೂದಿಗೆ 344 ಬೈಟ್. ಅದರಲ್ಲಿ ಬಹುಪಾಲು ಖಾಲಿ ಜಾಗ. ನಾಲ್ಕು ಅಳಿಸಿ ನಾನೇನೂ ಕೋಟೆ ಗೆದ್ದಿಲ್ಲ. ಆದರೆ ಮುಂದೆ ಸೇರಿಸುವವರು ಮೇಲಿನ ಸಾಲನ್ನು ನೋಡಿಯೇ ನಕಲು ಮಾಡುತ್ತಾರೆ, ಪಟ್ಟಿ ಹೀಗೆಯೇ ಊದಿಕೊಳ್ಳುತ್ತದೆ.

ಇನ್ನು ನಾನು ಎಡವಿದ ಜಾಗ. ಒಂದು ಜೋಡಿಯಲ್ಲಿ ಚಿಕ್ಕ ಹೆಸರಿನ ಸಾಲು ಡಿಎಂಐ_ಎಕ್ಸಾಕ್ಟ್_ಮ್ಯಾಚ್ ಆಗಿತ್ತು. ಅದು ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಒಪ್ಪುತ್ತದೆ, ಉದ್ದ ಹೆಸರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಇನ್ನೊಂದರಲ್ಲಿ ಚಿಕ್ಕದು ಉತ್ಪನ್ನದ ಹೆಸರು, ಉದ್ದದ್ದು ಒಳಗಿನ ಮದರ್‌ಬೋರ್ಡ್‌ನ ಹೆಸರು, ಹಾಗಾಗಿ ಒಂದು ಇನ್ನೊಂದನ್ನು ಒಳಗೊಳ್ಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಎರಡೂ ಒಂದೇ ಥರ ಕಂಡವು, ಎರಡನ್ನೂ ಅಳಿಸಿದೆ. ಯಾರದೋ ಕೀಲಿಮಣೆ ಮತ್ತೆ ಸತ್ತುಹೋಗುತ್ತಿತ್ತು.

ಈ ತಪ್ಪು ಸಿಕ್ಕಿಬಿದ್ದದ್ದು ಕ್ಯೂಇಎಂಯುನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನ ನಟನೆ ಮಾಡುವ ತಂತ್ರಾಂಶದಲ್ಲಿ. ಆ ಲ್ಯಾಪ್‌ಟಾಪ್‌ಗಳಲ್ಲಿ ಒಂದೂ ನನ್ನ ಬಳಿ ಇಲ್ಲ. ಆದರೆ ಯಂತ್ರದ ಗುರುತು ಹೇಳುವ ‘ಎಸ್‌ಎಂಬಯೋಸ್’ ಆಯ್ಕೆಯಲ್ಲಿ ಟೈಪ್ 1ಕ್ಕೆ ಉತ್ಪನ್ನದ ಹೆಸರು, ಟೈಪ್ 2ಕ್ಕೆ ಬೋರ್ಡ್ ಹೆಸರು ಕೊಟ್ಟರೆ ವರ್ಚುವಲ್ ಯಂತ್ರ ಆ ವೇಷ ತೊಡುತ್ತದೆ. ಹೊಂದಿಕೆಯಾದಾಗ ಒಂದು ಸಾಲು ಮುದ್ರಿಸುವಂತೆ ಮಾಡಿ, ಹಳೆಯ ಕರ್ನಲ್ ಮತ್ತು ಹೊಸ ಕರ್ನಲ್ ಎರಡನ್ನೂ ಆರೂ ಹೆಸರುಗಳಲ್ಲಿ ಓಡಿಸಿದೆ. ಹೊಸದರಲ್ಲಿ ಎರಡು ಕಡೆ ಸಾಲು ಬರಲಿಲ್ಲ. ಅವೆರಡನ್ನೂ ಮರಳಿ ಸೇರಿಸಿದೆ.

ನಡುವೆ ಎರಡು ಬಾರಿ ಕರೆಂಟ್ ಹೋಗಿ ಕಂಪೈಲ್ ಅರ್ಧಕ್ಕೆ ನಿಂತಿತು. ಪ್ಯಾಚ್‌ನ (ಕರ್ನಲ್‌ಗೆ ಕಳಿಸುವ ತಿದ್ದುಪಡಿಯ) ವಿವರಣೆಯಲ್ಲಿ ಅಳಿಸಿದ ಪ್ರತಿ ನಮೂದಿನ ಮುಂದೆ ಅದನ್ನು ಯಾವ ಸಾಲು ಒಳಗೊಳ್ಳುತ್ತದೆ ಎಂದು ಬರೆದಿದ್ದೇನೆ. ಬರವಣಿಗೆಯ ಶೈಲಿ ತಪಾಸಿಸುವ ಚೆಕ್‌ಪ್ಯಾಚ್ ಒಂದು ಉದ್ದ ಸಾಲಿಗೆ ಗೊಣಗಿದೆ. ಅದನ್ನು ಮುರಿದು ನಾಳೆ ಕಳಿಸುತ್ತೇನೆ.