ಸೀಮೆಎಣ್ಣೆ ಹಾಕಿ ಒರೆಸಿದರೂ ಕೇಪಿನ ಕೋವಿ ತುಕ್ಕು ಹಿಡಿಯುವುದೇಕೆ?

ಪಾವಗಡ, ಮಧುಗಿರಿಯಿಂದ ಬಾಗೇಪಲ್ಲಿಯವರೆಗೆ, ಬೆಳೆ ಕಾಯಲು ಲೈಸೆನ್ಸ್ ಪಡೆದು ಕೇಪಿನ ಕೋವಿ (ಬಾಯಿಂದ ಕರಿಮದ್ದು ತುಂಬಿ, ಕೇಪೆಂಬ ಪುಟ್ಟ ಸಿಡಿಟೋಪಿಯಿಂದ ಬೆಂಕಿ ಕೊಡುವ ಕೋವಿ) ಇಟ್ಟುಕೊಂಡವರು ಕೇಳುವ ಪ್ರಶ್ನೆ ಇದು: "ಹೊಡೆದ ದಿನವೇ ಸೀಮೆಎಣ್ಣೆ ಹಾಕಿ ಒರೆಸಿದ್ದೆ, ಮೇಲೆ ಎಣ್ಣೆನೂ ಸವರಿದ್ದೆ. ಆದ್ರೂ ನಳಿಗೆ ಒಳಗೆ ಕೆಂಪಗಾಗಿದೆಯಲ್ಲ, ಯಾಕೆ?"

ಒಳಗೆ ಉಳಿದಿರುವುದು ಉಪ್ಪು. ಉಪ್ಪು ಸೀಮೆಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ.

ಕರಿಮದ್ದಿನಲ್ಲಿರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ. ಅದು ಪೂರ್ತಿ ಹೊಗೆಯಾಗಿ ಹೋಗುತ್ತದೆ ಎಂದುಕೊಳ್ಳುತ್ತೇವೆ; ನಿಜಕ್ಕೂ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಒಂದಿಷ್ಟು ಬಿಳಿ ಹೊಗೆಯ ಜೊತೆ ಹಾರಿಹೋದರೆ ಮಿಕ್ಕಿದ್ದು ನಳಿಗೆಗೆ ಅಂಟಿಕೊಳ್ಳುತ್ತದೆ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಇರುತ್ತವೆ. ಕಾರ್ಬೊನೇಟ್ ಗಾಳಿಯ ತೇವವನ್ನು ಹೀರಿಕೊಂಡು ಒದ್ದೆಯಾಗುತ್ತದೆ. ಮೇಲೆ ಎಣ್ಣೆ ಸವರಿದರೆ ಆ ಒದ್ದೆ ಉಪ್ಪು ಕಬ್ಬಿಣಕ್ಕೆ ಅಂಟಿಕೊಂಡೇ ಕೂತಿರುತ್ತದೆ, ಎಣ್ಣೆ ಸೇರಿ ಡಾಂಬರಿನಂತೆ ಜಿಗುಟೂ ಆಗುತ್ತದೆ. ತೋಟಾ ಕೋವಿ ಇರುವವರಿಗೆ ಸೀಮೆಎಣ್ಣೆ ಸಾಕಾಗಿರಬಹುದು. ಅದರಲ್ಲಿ ಉರಿಯುವುದು ಹೊಗೆರಹಿತ ಮದ್ದು, ಅದರ ಕೊಳೆಯೇ ಬೇರೆ. ಮಳೆಗಾಲದಲ್ಲಂತೂ ಕರಿಮದ್ದಿನ ಕೋವಿಯನ್ನು ಮಾರನೆ ದಿನಕ್ಕೆ ಬಿಡಬೇಡಿ. ತುಕ್ಕು ತಿಂದ ಕಡೆ ಗುಳಿ ಬೀಳುತ್ತದೆ, ಗುಳಿ ಬಿದ್ದಲ್ಲಿ ನಳಿಗೆ ತೆಳ್ಳಗಾಗುತ್ತದೆ.

ತೊಳೆಯುವ ಮುಂಚೆ ಕೋವಿ ಖಾಲಿ ಇದೆಯೇ ನೋಡಬೇಕು. ಕೇಪು ಇದ್ದರೆ ತೆಗೆಯಿರಿ. ಖಾಲಿ ನಳಿಗೆಯಲ್ಲಿ ಗಜಕಡ್ಡಿ (ಮದ್ದು ಒತ್ತುವ ಉದ್ದ ಕಡ್ಡಿ) ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿಗೆ ಕಡ್ಡಿಯ ಮೇಲೊಂದು ಗೀರು ಹಾಕಿಟ್ಟಿರಬೇಕು. ಗೀರು ನಳಿಗೆಯ ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ. ಆಗ ಕೆದಕಬೇಡಿ, ಬಿಸಿ ಮಾಡಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಕೇಳಿ.

ಖಾಲಿ ಎಂದು ಖಾತ್ರಿಯಾದರೆ ನಳಿಗೆಯನ್ನು ಮರದಿಂದ ಬಿಡಿಸಿ, ಕೇಪು ಕೂರುವ ತೂತಿನ ಮೊಳೆಯಾದ ನಿಪ್ಪಲ್ಲನ್ನು ಅದರ ಕೀಲಿಯಿಂದಲೇ ತಿರುಗಿಸಿ ತೆಗೆಯಿರಿ. ಇಕ್ಕಳ ಹಾಕಿದರೆ ಮೂಲೆ ಸವೆದು ಮುಂದಿನ ಸಲ ಬಿಚ್ಚಲಾಗುವುದಿಲ್ಲ. ಹಿಂದಿನ ಮುಚ್ಚಳದ ತಿರುಪನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ. ನಳಿಗೆಯ ಹಿಂಬದಿಯನ್ನು ಬಕೆಟ್ಟಿನೊಳಗೆ ನಿಲ್ಲಿಸಿ, ಕೈ ತಡೆಯುವಷ್ಟು ಬಿಸಿ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ. ಗಜಕಡ್ಡಿಯ ತುದಿಗೆ ಹಳೆ ಪಂಚೆಯ ತುಂಡು ಬಿಗಿಯಾಗಿ ಸುತ್ತಿ ಮೇಲೆ ಕೆಳಗೆ ಆಡಿಸಿದರೆ ನಿಪ್ಪಲ್ ಕೂತಿದ್ದ ತೂತಿನಿಂದ ನೀರು ಪಂಪಿನಂತೆ ಒಳಗೆ ಹೊರಗೆ ಓಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸಲ್ಫೈಡ್ ಕರಗುತ್ತಿರುವ ಗುರುತು ಅದು. ಇಪ್ಪತ್ತು ಸಲ ಆಡಿಸಿ ನೀರು ಬದಲಿಸಿ. ಮೂರು ನೀರಿಗೆ ಸಾಮಾನ್ಯವಾಗಿ ಬಟ್ಟೆ ಬೆಳ್ಳಗೆ ಬರುತ್ತದೆ. ಕುದಿಯುವ ನೀರು ಬೇಡ, ಒಣಗುವಷ್ಟರಲ್ಲೇ ಹಳದಿ ತುಕ್ಕಿನ ಪೊರೆ ಬಂದುಬಿಡುತ್ತದೆ. ಮರಳು ಕಾಗದವಂತೂ ಬೇಡವೇ ಬೇಡ.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ತೊಡಕು ನೀರಿನದೇ. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಗಡಸು ನೀರಿಗೆ ಬಟ್ಟೆ ಸೋಪು ಹಾಕಿದರೆ ನೊರೆ ಬರದೆ ಬಿಳಿ ಗಸಿ ಕಟ್ಟುತ್ತದೆ. ಅದಕ್ಕೇ ಲಿಕ್ವಿಡ್ ಹೇಳಿದ್ದು. ಕೊನೆಯ ನೀರು ಮಾತ್ರ ಊರಿನ ಶುದ್ಧ ನೀರಿನ ಘಟಕದ್ದೋ ಮಳೆ ನೀರೋ ಆಗಿರಲಿ, ಒಂದು ಲೀಟರ್ ಸಾಕು.

ಆಮೇಲೆ ಒಣ ಬಟ್ಟೆ ನಾಲ್ಕೈದು ಬದಲಿಸಿ ಒರೆಸಿ, ಹತ್ತು ನಿಮಿಷ ಬಿಸಿಲಿಗೆ ಒರಗಿಸಿ. ನಿಪ್ಪಲ್ಲಿನ ತೂತಿಗೆ ಕರೆಂಟ್ ವೈರಿನ ಒಂದು ತಾಮ್ರದ ಎಳೆ ತೂರಿಸಿ ತೆಗೆಯಿರಿ; ಉಕ್ಕಿನ ಸೂಜಿ ತೂತನ್ನು ಅಗಲ ಮಾಡುತ್ತದೆ. ಕೇಪಿಗೆ ಬಡಿಯುವ ಸುತ್ತಿಗೆಯಂಥ ಕುದುರೆಯ ಮೂತಿಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಹಳೆಯ ಬಗೆಯ ಕೇಪಿನ ಉಪ್ಪು ಮದ್ದಿನದಕ್ಕಿಂತ ಕೆಟ್ಟದ್ದು.

ಎಣ್ಣೆ ಯಾವುದು? ಹೊಲಿಗೆ ಮಿಷನ್ ಎಣ್ಣೆಯೇ ಒಳ್ಳೆಯದು. ತಿಪಟೂರು ಕಡೆ ಕೊಬ್ಬರಿ ಎಣ್ಣೆ ಸವರುವುದುಂಟು. ಅದು ಕುಸುಬೆ ಎಣ್ಣೆಯಂತೆ ಬೇಗ ಅಂಟುಗಟ್ಟುವುದಿಲ್ಲ, ಆದರೆ 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಿಗ್ಗೆ ನಿಪ್ಪಲ್ಲಿನ ತೂತಿನಲ್ಲೇ ಅದು ಗಟ್ಟಿಯಾಗಿ ಕೂತರೆ ಕೇಪು ಸಿಡಿದರೂ ಮದ್ದಿಗೆ ಬೆಂಕಿ ತಲುಪುವುದಿಲ್ಲ. ಯಾವ ಎಣ್ಣೆಯಾದರೂ ತೆಳುವಾಗಿರಲಿ, ನಳಿಗೆಯ ಬಾಯಿ ಕೆಳಗಾಗಿಸಿ ಇಡಿ. ಬಾಯಿಗೆ ಬಟ್ಟೆ ತುರುಕಬೇಡಿ, ತೇವ ಒಳಗೇ ನಿಲ್ಲುತ್ತದೆ.

ಮಾರನೆ ದಿನ ಒಂದು ಬಿಳಿ ಬಟ್ಟೆ ಆಡಿಸಿ ನೋಡಿ. ಕೆಂಪು ಬಂದರೆ ಉಪ್ಪು ಉಳಿದಿದೆ ಎಂದರ್ಥ, ಮತ್ತೆ ನೀರಿನಿಂದಲೇ ಶುರುಮಾಡಿ. ಚುನಾವಣೆ ಬಂದಾಗ ಠಾಣೆಗೆ ಠೇವಣಿ ಇಡುವ ಕೋವಿಗೆ ಈ ತಪಾಸಣೆ ತಪ್ಪಿಸಲೇಬೇಡಿ. ಒಮ್ಮೆ ಕೊಟ್ಟರೆ ಅದು ವಾರಗಟ್ಟಲೆ ನಿಮ್ಮ ಕೈಗೆ ಸಿಗುವುದಿಲ್ಲ. ಕೊಡುವ ಮೂರು ದಿನ ಮೊದಲೇ ತೊಳೆದು, ಎರಡು ದಿನ ಬಟ್ಟೆ ಆಡಿಸಿ ನೋಡಿ, ಎಣ್ಣೆ ಹಾಕಿ ಕೊಡಿ. ಬಟ್ಟೆಯ ಚೀಲದಲ್ಲಿಯೋ ಚರ್ಮದ ಚೀಲದಲ್ಲಿಯೋ ಬಿಗಿದು ಕೊಡಬೇಡಿ, ಅವೂ ತೇವ ಹಿಡಿಯುತ್ತವೆ.