ಬೋರ್ಡಿನ ಮೇಲೆ ಮೂರನೇ ಕಾಲಂ

ಬಿಎ ತರಗತಿಗೆ ಮಧ್ಯಯುಗದ ಯುರೋಪ್ ಪಾಠ ಮಾಡುವವರಿಗೆಲ್ಲ ಪರಿಚಯವಿರುವ ಉತ್ತರವೊಂದಿದೆ. ಬಿಷಪ್ಪರನ್ನು ಯಾರು ನೇಮಿಸಬೇಕು ಎಂಬ ಪೋಪ್ ಮತ್ತು ರಾಜನ ಸಂಘರ್ಷದ ಬಗ್ಗೆ ಹತ್ತು ಅಂಕದ ಪ್ರಶ್ನೆ ಬಿದ್ದರೆ, ಮೌಲ್ಯಮಾಪನಕ್ಕೆ ಕೂತಾಗ ಬಂಡಲ್ ಬಂಡಲ್ ಅದೇ ಬರುತ್ತದೆ: ಜರ್ಮನಿಯ ರಾಜ ನಾಲ್ಕನೇ ಹೆನ್ರಿ ಇಟಲಿಯ ಕನೋಸಾ ಕೋಟೆಯ ಬಾಗಿಲಲ್ಲಿ ಹಿಮದಲ್ಲಿ ಮೂರು ದಿನ ಕಾದ, ಪೋಪ್ ಏಳನೇ ಗ್ರೆಗರಿ ಕ್ಷಮಿಸಿದ, ಚರ್ಚ್ ಗೆದ್ದಿತು. ಗೈಡ್‌ಗಳ ಕೃಪೆ. ಆದರೆ ರಾಜನಾದವನು ಹೆಂಡತಿ, ಪುಟ್ಟ ಮಗನನ್ನು ಕಟ್ಟಿಕೊಂಡು ನಡುಚಳಿಗಾಲದಲ್ಲಿ ಆಲ್ಪ್ಸ್ ದಾಟುವಂಥ ಅವಸರ ಏನಿತ್ತು? ಅದಕ್ಕೆ ಆ ಉತ್ತರದಲ್ಲಿ ಜಾಗವೇ ಇಲ್ಲ.

ಈ ಪಾಠಕ್ಕೆ ನಾನು ಬೋರ್ಡಿನ ಮೇಲೆ ಮೂರು ಕಾಲಂ ಹಾಕುತ್ತೇನೆ. ರಾಜ, ಪೋಪ್, ಮತ್ತು ಜರ್ಮನಿಯ ಪ್ರಭುಗಳು. ಮೂರನೆಯದು ತುಂಬತೊಡಗಿದ ಮೇಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುವುದು.

ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದು: "ಬಿಷಪ್ಪರನ್ನ ಯಾರು ನೇಮಿಸಿದರೇನು ಸರ್, ರಾಜನಿಗ್ಯಾಕೆ ಅಷ್ಟು ಹಟ?" ಉತ್ತರ ಜಮೀನಿನಲ್ಲಿದೆ. ಬಿಷಪ್ಪರ ಕೈಯಲ್ಲಿ ದೊಡ್ಡ ದೊಡ್ಡ ಭೂಮಿ ಇತ್ತು, ಅದರಿಂದ ರಾಜನ ದಂಡಿಗೆ ಸೈನಿಕರು ಬರುತ್ತಿದ್ದರು. ಒಬ್ಬ ಪ್ರಭುವಿಗೆ ಭೂಮಿ ಕೊಟ್ಟರೆ ಅದು ಅವನ ಮಗನ ಪಾಲಾಗುತ್ತದೆ. ಬಿಷಪ್ಪನಿಗೆ ಕಾನೂನಿನಂತೆ ವಾರಸುದಾರನಿಲ್ಲ. ಅವನು ಸತ್ತರೆ ಮುಂದಿನವನನ್ನು ರಾಜನೇ ಆರಿಸಬಹುದು. ಪ್ರಭುಗಳನ್ನು ಹದ್ದುಬಸ್ತಿನಲ್ಲಿಡಲು ರಾಜನಿಗಿದ್ದ ಆಸರೆಯೇ ಇದು. ಬಿಷಪ್ಪರನ್ನು ರಾಜ ನೇಮಿಸಬಾರದೆಂದು ಗ್ರೆಗರಿ ಕೈ ಹಾಕಿದ್ದು ಅಲ್ಲಿಗೇ.

1076ರ ಜನವರಿಯಲ್ಲಿ ವರ್ಮ್ಸ್‌ನಲ್ಲಿ ಹೆನ್ರಿಯ ಕಡೆಯ ಬಿಷಪ್ಪರು ಗ್ರೆಗರಿಯನ್ನು ಪೋಪ್ ಎಂದು ಒಪ್ಪುವುದಿಲ್ಲ ಎಂದರು. ಫೆಬ್ರವರಿಯಲ್ಲಿ ಗ್ರೆಗರಿ ಹೆನ್ರಿಯನ್ನು ಚರ್ಚಿನಿಂದ ಬಹಿಷ್ಕರಿಸಿದ, ಪ್ರಜೆಗಳು ಮಾಡಿದ್ದ ನಿಷ್ಠೆಯ ಪ್ರಮಾಣವನ್ನೂ ರದ್ದು ಮಾಡಿದ. ಪ್ರಭುಗಳಿಗೆ ಬೇಕಾಗಿದ್ದು ಈ ಎರಡನೆಯದು. ಸ್ಯಾಕ್ಸನಿಯವರು 1073ರಲ್ಲೇ ದಂಗೆಯೆದ್ದು, 1075ರಲ್ಲಿ ಹೆನ್ರಿಯ ಕೈಯಲ್ಲಿ ಸೋತು ಹಲ್ಲು ಕಡಿಯುತ್ತಿದ್ದರು. ನಿನ್ನೆಯವರೆಗೆ ರಾಜದ್ರೋಹವಾಗಿದ್ದದ್ದು ಈಗ ಧರ್ಮಕಾರ್ಯ! ಅಕ್ಟೋಬರಿನಲ್ಲಿ ಟ್ರಿಬೂರ್‌ನಲ್ಲಿ ಸೇರಿದ ಪ್ರಭುಗಳು ಗಡುವು ಕೊಟ್ಟರು: ಬಹಿಷ್ಕಾರಕ್ಕೆ ವರ್ಷ ತುಂಬುವುದರೊಳಗೆ ಬಿಡುಗಡೆ ಪಡೆಯದಿದ್ದರೆ ನೀನು ನಮ್ಮ ರಾಜನಲ್ಲ. ಜೊತೆಗೆ ಪೋಪನನ್ನೇ ಆಗ್ಸ್‌ಬರ್ಗ್‌ನ ಸಭೆಗೆ ಕರೆದರು.

ಪೋಪ್ ಹೊರಟ. ಅವನು ಜರ್ಮನಿ ತಲುಪುವ ಮೊದಲೇ ಹೆನ್ರಿ ಇಟಲಿಗೆ ಬಂದುಬಿಟ್ಟ. ದಂಡೆತ್ತಿ ಬಂದನೇನೋ ಎಂಬ ಭಯಕ್ಕೆ ಗ್ರೆಗರಿ ಟಸ್ಕನಿಯ ಮಟಿಲ್ಡಾಳ ಕನೋಸಾ ಕೋಟೆ ಸೇರಿಕೊಂಡ. "ಹಾಗಾದ್ರೆ ರಾಜ ಪೋಪನ್ನ ದಾರಿಯಲ್ಲೇ ಅಡ್ಡಗಟ್ಟಿದ ಹಾಗಾಯ್ತಲ್ಲ ಸರ್?" ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದ್ದಳು. ಹೌದು. ಪಶ್ಚಾತ್ತಾಪದಿಂದ ಬಂದವನನ್ನು ಪಾದ್ರಿಯಾದವನು ಹಿಂದಕ್ಕೆ ಕಳಿಸುವುದು ಸುಲಭವಲ್ಲ. 1077ರ ಜನವರಿ ಕೊನೆಯಲ್ಲಿ ಕ್ಷಮೆ ಸಿಕ್ಕಿತು, ಗಡುವಿನೊಳಗೇ.

ಪ್ರಭುಗಳು ಬಿಟ್ಟರೇ? ಮಾರ್ಚ್‌ನಲ್ಲಿ ಫೋರ್ಕ್‌ಹೈಮ್‌ನಲ್ಲಿ ಸ್ವೇಬಿಯಾದ ಡ್ಯೂಕ್ ರುಡಾಲ್ಫ್‌ನನ್ನು ರಾಜನನ್ನಾಗಿ ಆರಿಸಿಯೇಬಿಟ್ಟರು. ಅವನ ಮೊದಲ ಹೆಂಡತಿ ಹೆನ್ರಿಯ ಅಕ್ಕ. ಅವನು ಒಪ್ಪಿದ ಷರತ್ತನ್ನು ನಾನು ಬೋರ್ಡಿನ ಮೇಲೆ ಅಡಿಗೆರೆ ಹಾಕಿ ಬರೆಯುತ್ತೇನೆ: ಕಿರೀಟ ಅಪ್ಪನಿಂದ ಮಗನಿಗೆ ತಾನಾಗಿಯೇ ಹೋಗುವಂತಿಲ್ಲ. ಪೋಪನ ಜಗಳದಲ್ಲಿ ಪ್ರಭುಗಳು ಬೆಳೆ ತೆಗೆದದ್ದು ಹೀಗೆ. 1080ರಲ್ಲಿ ರುಡಾಲ್ಫ್ ಯುದ್ಧದಲ್ಲಿ ಬಲಗೈ ಕಳೆದುಕೊಂಡು ಸತ್ತ. 1084ರಲ್ಲಿ ಹೆನ್ರಿ ರೋಮ್ ಹಿಡಿದು ಗ್ರೆಗರಿಗೆ ಎದುರಾಗಿ ತಾನೇ ನಿಲ್ಲಿಸಿದ ಪೋಪನಿಂದ ಚಕ್ರವರ್ತಿಯ ಕಿರೀಟ ತೊಟ್ಟ; ಮರುವರ್ಷ ಗ್ರೆಗರಿ ಸಲೆರ್ನೋದಲ್ಲಿ, ರೋಮಿನಿಂದ ದೂರದಲ್ಲಿ, ತೀರಿಕೊಂಡ. "ಚರ್ಚ್ ಗೆದ್ದಿತು" ಎಂದು ಬರೆದವರಿಗೆ ಈ ಸಾಲು ತೋರಿಸಿದರೆ ಸಾಕು.

ಪಠ್ಯಕ್ರಮ 1122ರ ವರ್ಮ್ಸ್ ಒಪ್ಪಂದಕ್ಕೆ ನಿಲ್ಲುತ್ತದೆ. ಬಿಷಪ್ಪನ ಹುದ್ದೆಯ ಗುರುತಾದ ಉಂಗುರ, ಕೋಲು ಚರ್ಚಿನ ಕೈಯಿಂದ. ಭೂಮಿಯ ಅಧಿಕಾರ ರಾಜದಂಡದ ಮೂಲಕ ರಾಜನಿಂದ. ಅದಕ್ಕೆ ಹಿಂದಿನ ವರ್ಷ ವುರ್ಟ್ಸ್‌ಬರ್ಗ್‌ನಲ್ಲಿ ನಾಲ್ಕನೇ ಹೆನ್ರಿಯ ಮಗ ಐದನೇ ಹೆನ್ರಿಯನ್ನು ರಾಜಿಗೆ ಒಪ್ಪಿಸಿದವರು ಮತ್ತೆ ಅದೇ ಪ್ರಭುಗಳು. ಹಾಗಾಗಿ ಇಂಟರ್ನಲ್ ಟೆಸ್ಟಿಗೆ ನಾನು "ಯಾರು ಗೆದ್ದರು?" ಎಂದು ಕೇಳುವುದಿಲ್ಲ. "1076ರಿಂದ 1122ರವರೆಗೆ ಪ್ರಭುಗಳಿಗೆ ಸಿಕ್ಕಿದ್ದೇನು?" ಎಂದು ಕೇಳುತ್ತೇನೆ. ಇದಕ್ಕೆ ಯಾವ ಗೈಡಿನಲ್ಲೂ ರೆಡಿ ಉತ್ತರ ಸಿಗುವುದಿಲ್ಲವೆಂದು ಹುಡುಗರು ಗೊಣಗುತ್ತಾರೆ.