ನಾಲ್ಕನೇ ಕುರ್ಚಿ

ನಮ್ಮ ಸಭೆಯ ಕಾಣಿಕೆ ಲೆಕ್ಕದಲ್ಲಿ ಒಂದು ತಿಂಗಳ ಹಣ ತಾಳೆಯಾಗಲಿಲ್ಲ. ವಿಚಾರಣೆಗೆ ಮೂವರ ಸಮಿತಿ ಮಾಡಿದರು, ಅದರಲ್ಲಿ ನಾನೂ ಒಬ್ಬ. ಮೊದಲು ಒಲ್ಲೆ ಅಂದೆ. "ತೀರ್ಪು ಮಾಡಬೇಡಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರಲ್ಲ ಪಾಸ್ಟರ್" ಎಂದು ಮತ್ತಾಯನ ಏಳನೇ ಅಧ್ಯಾಯ ಮುಂದಿಟ್ಟೆ. ಅವರು ನಕ್ಕರು. "ಹೊಣೆ ಬೇಡ ಅನ್ನೋರೆಲ್ಲ ಆ ವಚನವನ್ನೇ ಹಿಡ್ಕೊಂಡು ಬರ್ತಾರೆ. ಯೋಹಾನ 7:24 ಓದ್ಕೊಂಡು ಬನ್ನಿ." ಓದಿದೆ. ತೋರಿಕೆ ನೋಡಿ ತೀರ್ಪು ಮಾಡಬೇಡಿ, ನ್ಯಾಯವಾಗಿ ಮಾಡಿ ಅನ್ನುತ್ತದೆ ಅದು. ಒಪ್ಪಿಕೊಂಡೆ.

ಲೆಕ್ಕದ ಪುಸ್ತಕದ ಆ ಪುಟದಲ್ಲಿ ಎರಡು ಸಹಿ ಇದ್ದವು. ಒಂದು ಕಾಣಿಕೆ ಎಣಿಸುವ ಹುಡುಗನದು, ಇನ್ನೊಂದು ಮೇಲ್ವಿಚಾರಣೆಯ ಸಭಾಹಿರಿಯರದು. ಹುಡುಗನನ್ನು ಒಂದು ಗಂಟೆ ಕೇಳಿದೆವು. ಕೇಳಿದ್ದನ್ನೇ ತಿರುಗಿಸಿ ಮುರುಗಿಸಿ ಕೇಳಿದೆವು. ಅವನು ತಡವರಿಸಿದ, ಆ ತಡವರಿಕೆಯನ್ನೂ ಗುರುತು ಹಾಕಿಕೊಂಡೆವು. ಹಿರಿಯರದ್ದು ಹತ್ತು ನಿಮಿಷದಲ್ಲಿ ಮುಗಿಯಿತು, ಅದರಲ್ಲೂ ಅರ್ಧ ಅವರ ಮೊಣಕಾಲು ನೋವಿನ ಮಾತು. ಹುಡುಗನನ್ನು ಆ ಸೇವೆಯಿಂದ ಬಿಡಿಸಬೇಕು ಅಂತ ಮೂವರೂ ಒಂದೇ ಬಾಯಲ್ಲಿ ಅಂದೆವು. ವರದಿ ಬರೆಯುವ ಕೆಲಸ ನನಗೆ ಬಿತ್ತು.

ರಾತ್ರಿ ಮನೆಯಲ್ಲಿ ಕೂತು ಬರೆಯುತ್ತಿದ್ದೆ. "ಸಮಿತಿಯ ಮುಂದೆ ನಿಂತು ಉತ್ತರಿಸಿದನು" ಅಂತ ಬರೆದೆ. ಹಿರಿಯರ ಸರದಿ ಬಂದಾಗ ತಾನಾಗಿಯೇ "ಕೂತು ವಿವರಿಸಿದರು" ಅಂತ ಬಂತು. ಪೆನ್ನು ಅಲ್ಲೇ ನಿಂತಿತು.

ಕೋಣೆಯಲ್ಲಿ ಇದ್ದದ್ದು ನಾಲ್ಕು ಕುರ್ಚಿ. ಮೂರರಲ್ಲಿ ನಾವು, ನಾಲ್ಕನೆಯದರ ಮೇಲೆ ನಮ್ಮ ಬ್ಯಾಗುಗಳು. ಹುಡುಗ ಇದ್ದ ಆ ಒಂದು ಗಂಟೆಯೂ ಬ್ಯಾಗುಗಳು ಅಲ್ಲೇ ಇದ್ದವು. ಹಿರಿಯರು ಬಾಗಿಲಲ್ಲಿ ಕಂಡದ್ದೇ ತಡ, ಎದ್ದು ಬ್ಯಾಗುಗಳನ್ನು ನೆಲಕ್ಕಿಳಿಸಿ ಕುರ್ಚಿ ಒರೆಸಿದವನು ನಾನೇ.

ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ನೂರು ಸಲ ಓದಿದ್ದೇನೆ. ಚಿನ್ನದ ಉಂಗುರದವನಿಗೆ ಒಳ್ಳೇ ಜಾಗ ಕೊಟ್ಟು ಬಡವನಿಗೆ "ನೀನು ಅಲ್ಲಿ ನಿಂತುಕೋ" ಅನ್ನುವವರನ್ನು ಯಾಕೋಬ ಬರೀ ಮರ್ಯಾದೆಗೆಟ್ಟವರು ಅನ್ನುವುದಿಲ್ಲ, ಕೆಟ್ಟ ಆಲೋಚನೆಯ ನ್ಯಾಯಾಧಿಪತಿಗಳು ಅನ್ನುತ್ತಾನೆ. ಆ ಮಾತು ಆರಾಧನೆಗೆ ಬಂದವರಿಗೆ ಜಾಗ ತೋರಿಸುವವರಿಗೆ ಹೇಳಿದ್ದು ಅಂತಲೇ ಅಷ್ಟು ವರ್ಷ ಅಂದುಕೊಂಡಿದ್ದೆ.

ನಿದ್ದೆ ಬರಲಿಲ್ಲ, ಸತ್ಯವೇದ ತಿರುವುತ್ತಾ ಹೋದೆ. ಅರಸ ಯೆಹೋಷಾಫಾಟ ಕೋಟೆಯುಳ್ಳ ಪಟ್ಟಣಗಳಲ್ಲಿ ನ್ಯಾಯಾಧಿಪತಿಗಳನ್ನು ನೇಮಿಸುವಾಗ, ನೀವು ತೀರ್ಪು ಕೊಡುವುದು ಮನುಷ್ಯರ ಪರವಾಗಿ ಅಲ್ಲ, ಯೆಹೋವನ ಪರವಾಗಿ ಅನ್ನುತ್ತಾನೆ. ಇದನ್ನು ಅಧಿಕಾರದ ಮಾತು ಅಂತ ಓದಿಬಿಡಬಹುದು, ನಾನೂ ಹಾಗೇ ಓದಿದ್ದೆ. ಆ ರಾತ್ರಿ ಅದು ಸಾಲದ ಪತ್ರದ ಹಾಗೆ ಕಂಡಿತು: ಕುರ್ಚಿ ನಮ್ಮದಲ್ಲ, ಕೊಟ್ಟವನು ಲೆಕ್ಕ ಕೇಳುತ್ತಾನೆ. 82ನೇ ಕೀರ್ತನೆ ಇನ್ನೂ ಇಕ್ಕಟ್ಟಿನದು. ಅದರಲ್ಲಿ ಬರುವ 'ದೇವರುಗಳು' ಅಂದರೆ ನ್ಯಾಯ ತೀರಿಸುವ ಮನುಷ್ಯರೇ ಅಂತ ಹಲವರು ಅರ್ಥ ಹೇಳುತ್ತಾರೆ. ಅವರ ಸಭೆಯಲ್ಲಿ ದೇವರು ನಿಂತಿದ್ದಾನೆ.

ಅಮೆರಿಕದ ಸೇಲಂನಲ್ಲಿ ಮಾಟದ ಆರೋಪ ಹೊತ್ತವರ ವಿಚಾರಣೆ ನೆನಪಾಯಿತು. 1692ರಲ್ಲಿ 19 ಜನರನ್ನು ನೇಣಿಗೇರಿಸಿದ ಆ ನ್ಯಾಯಮಂಡಲಿಯಲ್ಲಿದ್ದ ಸ್ಯಾಮ್ಯುಯೆಲ್ ಸೂವಲ್, 1697ರ ಜನವರಿ 14ರಂದು ಬಾಸ್ಟನ್ನಿನ ತನ್ನ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತ. ಈ ತಪ್ಪಿನ ದೂಷಣೆಯೂ ನಾಚಿಕೆಯೂ ನನ್ನದು ಅಂತ ಅವನು ಬರೆದುಕೊಟ್ಟ ಚೀಟಿಯನ್ನು ಬೋಧಕರು ಓದಿ ಮುಗಿಸುವವರೆಗೂ ನಿಂತಿದ್ದ. 'ಮಂಡಲಿ ತೀರ್ಮಾನಿಸಿತು' ಅಂದುಬಿಡಬಹುದಿತ್ತು. ನನ್ನ ವರದಿಯಲ್ಲಿ 'ಸಮಿತಿಯು' ಅನ್ನುವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. ಹನ್ನೊಂದು ಸಲ. 'ನಾನು' ಒಮ್ಮೆಯೂ ಇರಲಿಲ್ಲ.

ಬೆಳಿಗ್ಗೆ ಪಾಸ್ಟರ್ ಹತ್ತಿರ ಹೋಗಿ ಮರುವಿಚಾರಣೆ ಕೇಳಿದೆ, ಕುರ್ಚಿಯ ವಿಷಯವನ್ನೂ ಹೇಳಿದೆ. ಇನ್ನಿಬ್ಬರಿಗೆ ಬೇಸರವಾಯಿತು. "ಕುರ್ಚಿ ಕೊಟ್ಟಿದ್ರೆ ದುಡ್ಡು ಸಿಕ್ಕಿಬಿಡ್ತಿತ್ತಾ?" ಅಂತ ಒಬ್ಬರು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಆದರೂ ಮತ್ತೆ ಕೂತೆವು. ಈ ಸಲ ಹಿರಿಯರನ್ನೂ ಒಂದು ಗಂಟೆ ಕೇಳಿದೆವು. ಹಣ ಎಲ್ಲಿ ಹೋಯಿತು ಅನ್ನುವುದು ಕೊನೆಗೂ ತಿಳಿಯಲಿಲ್ಲ. ಯಾರ ಮೇಲೂ ಸಾಬೀತಾಗಿಲ್ಲ ಅಂತ ಬರೆದು, ಸಮಿತಿಯ ಹೆಸರಿನ ಕೆಳಗೆ ಮೂವರೂ ಬೇರೆ ಬೇರೆಯಾಗಿ ಸಹಿ ಮಾಡಿದೆವು.

ಅವತ್ತು ಹುಡುಗ ಬರುವ ಮೊದಲೇ ನಾಲ್ಕನೇ ಕುರ್ಚಿ ಖಾಲಿ ಮಾಡಿ ಎದುರಿಗೆ ಇಟ್ಟಿದ್ದೆ. "ಕೂತ್ಕೋಪ್ಪ" ಅಂದೆ.

ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಬೇಡ ಅಂಕಲ್. ನಿಂತೇ ಹೇಳ್ತೀನಿ."